ಸೊಳ್ಳೆಯಿಂದ ಹರಡುವ ಮೂರು ರೋಗಗಳು: ಒಂದು ಹೋಲಿಕೆ

ಎಂಟನೆಯ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠಕ್ಕೆ ಬರುವ ಮಕ್ಕಳು ಮಲೇರಿಯಾ, ಡೆಂಗ್ಯೂ ಹೆಸರುಗಳನ್ನು ಮೊದಲೇ ಕೇಳಿರುತ್ತಾರೆ. ಆದರೆ ಎಲ್ಲವೂ 'ಸೊಳ್ಳೆ ಜ್ವರ' ಎಂದೇ ಅವರ ಪೂರ್ವಜ್ಞಾನ. ಸೊಳ್ಳೆಯ ಜಾತಿ, ಅದು ಹುಟ್ಟುವ ನೀರು, ಕಚ್ಚುವ ಹೊತ್ತು ಬೇರೆಬೇರೆ ಎಂದು ತಿಳಿಯದಿದ್ದರೆ ಮುಂಜಾಗ್ರತೆಯೂ ದಾರಿ ತಪ್ಪುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಇದನ್ನು ಊರಿನ ನೀರಿನಿಂದಲೇ ವಿವರಿಸಬಹುದು.

ಮಲೇರಿಯಾ: ಪ್ಲಾಸ್ಮೋಡಿಯಂ ಎಂಬ ಏಕಕೋಶ ಪರಜೀವಿ ಇದಕ್ಕೆ ಕಾರಣ. ಹೆಣ್ಣು ಅನಾಫಿಲಿಸ್ ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ನಾಲೆಯ ಅಂಚು, ಜೌಗು, ಹೊಂಡಗಳಲ್ಲಿ ಮೊಟ್ಟೆ ಇಡುತ್ತದೆ. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರಿನೊಂದಿಗೆ ಮಂಡ್ಯ ಸೀಮೆಯಲ್ಲಿ ಮಲೇರಿಯಾ ಕೂಡ ಹೆಚ್ಚಿತು. ಚಳಿ, ಜ್ವರ, ಬೆವರು ಇದರ ಲಕ್ಷಣ. ರಕ್ತಲೇಪನ ಪರೀಕ್ಷೆಯಿಂದ ಪತ್ತೆಯಾಗುತ್ತದೆ, ಔಷಧವಿದೆ.

ಡೆಂಗ್ಯೂ: ಇದು ವೈರಸ್ ರೋಗ. ಕಾಲಿನಲ್ಲಿ ಬಿಳಿ ಪಟ್ಟೆಗಳಿರುವ ಈಡಿಸ್ ಹಗಲಿನಲ್ಲಿ ಕಚ್ಚುತ್ತದೆ. ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಊರುಗಳಲ್ಲಿ ನಲ್ಲಿ ಬಂದ ದಿನ ತುಂಬಿಡುವ ಡ್ರಮ್ಮು, ತೊಟ್ಟಿ, ಹಿತ್ತಲಿನ ತೆಂಗಿನ ಚಿಪ್ಪು, ಹಳೆಯ ಟೈರು ಇದಕ್ಕೆ ಸಾಕು. ಮೊಟ್ಟೆಗಳು ಒಳಗೋಡೆಗೆ ಅಂಟಿಕೊಳ್ಳುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ಪದೇಪದೇ ವಾಂತಿ, ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು.

ಜಪಾನೀಸ್ ಮೆದುಳು ಜ್ವರ: ಇದೂ ವೈರಸ್‌ನಿಂದಲೇ. ಶ್ರೀರಂಗಪಟ್ಟಣ, ಪಾಂಡವಪುರದಂಥ ಕಡೆ ಭತ್ತದ ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆ ಸಂಜೆ, ರಾತ್ರಿ ಕಚ್ಚುತ್ತದೆ. ವೈರಸ್ ಹಂದಿ ಮತ್ತು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ ವೃದ್ಧಿಯಾಗುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ತೀವ್ರವಾದರೆ ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತದೆ. ಬದುಕುಳಿದ ಮಕ್ಕಳಲ್ಲೂ ಅಂಗವೈಕಲ್ಯ ಉಳಿಯಬಹುದು. ನಿರ್ದಿಷ್ಟ ಔಷಧವಿಲ್ಲ, ಲಸಿಕೆಯಿದೆ: 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು.

ಬೋಧನೆಯಲ್ಲಿ ರೋಗಾಣು, ನೀರು, ಕಚ್ಚುವ ಹೊತ್ತು, ಚಿಕಿತ್ಸೆ ಎಂಬ ನಾಲ್ಕು ಕಲಂಗಳ ಪಟ್ಟಿಯನ್ನು ಮಕ್ಕಳಿಂದಲೇ ತುಂಬಿಸಬಹುದು. ಮೌಲ್ಯಮಾಪನಕ್ಕೆ ಎರಡು ಪ್ರಶ್ನೆಗಳು: ಹಗಲು ಮಲಗುವ ಮಗುವಿಗೂ ಸೊಳ್ಳೆಪರದೆ ಏಕೆ ಬೇಕು? ರಕ್ತಪರೀಕ್ಷೆ ಮಾಡಿಸದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ಏಕೆ ಅಪಾಯ? ಇವೆರಡಕ್ಕೂ ಕಾರಣ ಸಹಿತ ಉತ್ತರಿಸಿದ ವಿದ್ಯಾರ್ಥಿ ಪಾಠವನ್ನು ಮನೆಗೂ ಒಯ್ಯುತ್ತಾನೆ.