ಗಾಂಜಾ ಔಷಧ: ಗುಣಮಟ್ಟಕ್ಕೆ ಹೊಣೆ ಯಾರು?

ಗಾಂಜಾ ಎಂದ ಕೂಡಲೇ ನಮ್ಮ ಮನೆಗಳಲ್ಲಿ ನೆನಪಾಗುವುದು ಚಿಲುಮೆ, ಪೊಲೀಸರ ದಾಳಿ, ದಾರಿ ತಪ್ಪಿದ ಹುಡುಗರು. ಅದೇ ಗಿಡ ಅಮೆರಿಕದ ಹಲವು ರಾಜ್ಯಗಳಲ್ಲಿ ಔಷಧದ ಹೆಸರಿನಲ್ಲಿ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಯಿಂದ ಬಳಲುವವರು, ನರಗಳ ನೋವಿನಿಂದ ನಿದ್ದೆಗೆಟ್ಟವರು, ಅಪಸ್ಮಾರದ ಮಕ್ಕಳ ತಾಯಂದಿರು ಅದನ್ನು ಕೊಳ್ಳುತ್ತಾರೆ. ಅಲ್ಲಿ ನೆಲೆಸಿರುವ ನಿಮ್ಮ ಮಗನೋ ಮಗಳೋ 'ಅಪ್ಪನ ಮಂಡಿನೋವಿಗೆ ಒಂದು ಎಣ್ಣೆ ತರುತ್ತೇನೆ' ಎಂದು ಫೋನಿನಲ್ಲಿ ಹೇಳಿರಲೂಬಹುದು. ಆ ಸೀಸೆಯೊಳಗೆ ನಿಜವಾಗಿ ಏನಿದೆ ಎಂದು ನೋಡಿ ಹೇಳುವವರು ಯಾರು? ಈ ಪ್ರಶ್ನೆಗೆ ಅಲ್ಲಿ ಬಹಳ ಕಾಲ ಸರಿಯಾದ ಉತ್ತರವೇ ಇರಲಿಲ್ಲ.

ಗಿಡದಲ್ಲಿ ಏನಿದೆ?

ಗಾಂಜಾದಲ್ಲಿರುವ ಅನೇಕ ರಾಸಾಯನಿಕಗಳಲ್ಲಿ ಎರಡು ಮುಖ್ಯವಾದವು. ಟಿ.ಎಚ್.ಸಿ. ಎಂಬುದು ಅಮಲು ತರುತ್ತದೆ, ವಾಂತಿಯನ್ನು ತಡೆಯುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಸಿ.ಬಿ.ಡಿ. ಎಂಬುದು ಅಮಲು ತರುವುದಿಲ್ಲ. ಕೆಲವು ಬಗೆಯ ಅಪಸ್ಮಾರದಲ್ಲಿ ಉಪಯುಕ್ತ. ಈ ಗಿಡದ ಔಷಧೀಯ ಗುಣವನ್ನು ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದವರಲ್ಲಿ ಪ್ರಮುಖರು ಕಲ್ಕತ್ತೆಯಲ್ಲಿದ್ದ ಐರಿಷ್ ವೈದ್ಯ ಓಶಾನೆಸಿ. ಅವರ ಪ್ರಯೋಗಗಳು 1839ರಲ್ಲಿಯೇ ನಡೆದಿದ್ದವು. ಆದರೆ ಗಿಡದಿಂದ ಗಿಡಕ್ಕೆ ಈ ರಾಸಾಯನಿಕಗಳ ಪ್ರಮಾಣ ಬದಲಾಗುತ್ತದೆ. ಗುಳಿಗೆಯಂತೆ ಇದಕ್ಕೆ ತಾನಾಗಿಯೇ ಒಂದು ಅಳತೆ ಬರುವುದಿಲ್ಲ. ತೊಂದರೆ ಆರಂಭವಾಗುವುದೇ ಇಲ್ಲಿಂದ.

ಕಾನೂನಿನ ಇಕ್ಕಟ್ಟು

ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರು 1996ರಲ್ಲಿ ರೋಗಿಗಳ ಗಾಂಜಾ ಬಳಕೆಗೆ ಒಪ್ಪಿಗೆ ಕೊಟ್ಟರು. ಆದರೆ ಅಮೆರಿಕದ ಕೇಂದ್ರ ಸರ್ಕಾರದ 1970ರ ಕಾಯ್ದೆ ಅದನ್ನು ಅತ್ಯಂತ ಕಠಿಣ ನಿಷೇಧದ ಪಟ್ಟಿಯಲ್ಲಿ ಸೇರಿಸಿತ್ತು. ಹೀಗಾಗಿ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ರಾಜ್ಯ ಮಾರಾಟಕ್ಕೆ ಬಿಟ್ಟಿತು. ಆದರೆ ಔಷಧಗಳ ಮೇಲೆ ಕಣ್ಣಿಡುವ ಕೇಂದ್ರದ ಆಡಳಿತ ಈ ಅಂಗಡಿಗಳ ಸರಕಿಗೆ ಮಾನದಂಡ ರೂಪಿಸಲಿಲ್ಲ. ಯಾವ ಬೆಳೆಗೆ ಯಾವ ಕೀಟನಾಶಕ ಎಂದು ನಿರ್ಧರಿಸುವ ಕೇಂದ್ರ ಸಂಸ್ಥೆಯೂ ಗಾಂಜಾ ಬೆಳೆಗೆಂದು ಕೀಟನಾಶಕಗಳನ್ನು ಪರೀಕ್ಷಿಸಲಿಲ್ಲ. ಬೆಳೆದವನು ಹೇಳಿದ್ದೇ ಸತ್ಯ, ಮಾರಿದವನು ಬರೆದದ್ದೇ ಅಳತೆ ಎಂಬಂತಾಯಿತು.

ಅಪಾಯಗಳು ಯಾವುವು?

ಮೊದಲನೆಯದು ಬೂಷ್ಟು. ಸರಿಯಾಗಿ ಒಣಗಿಸದ ಹೂವಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಆರೋಗ್ಯವಂತರಿಗೆ ಅದು ಅಷ್ಟಾಗಿ ಬಾಧಿಸದಿರಬಹುದು. ಆದರೆ ಕ್ಯಾನ್ಸರ್ ಚಿಕಿತ್ಸೆಯಿಂದ ರೋಗ ನಿರೋಧಕ ಶಕ್ತಿ ಕುಂದಿದವರ ಶ್ವಾಸಕೋಶಕ್ಕೆ ಹೊಕ್ಕರೆ ಪ್ರಾಣಕ್ಕೇ ಸಂಚಕಾರ.

ಎರಡನೆಯದು ಕೀಟನಾಶಕ ಮತ್ತು ಶಿಲೀಂಧ್ರನಾಶಕ. ಮೈಕ್ಲೊಬ್ಯೂಟನಿಲ್ ಎಂಬುದನ್ನು ದ್ರಾಕ್ಷಿಯ ಬೂದಿ ರೋಗಕ್ಕೆ ಸಿಂಪಡಿಸುತ್ತಾರೆ. ತಿನ್ನುವ ಹಣ್ಣಿನಲ್ಲಿ ಅದರ ಅಲ್ಪಾಂಶಕ್ಕೆ ಮಿತಿಯುಂಟು. ಆದರೆ ಅದನ್ನೇ ಸುಟ್ಟು ಹೊಗೆಯಾಗಿ ಸೇದಿದರೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಹೊಟ್ಟೆಗೆ ಸರಿಯಾದದ್ದು ಶ್ವಾಸಕೋಶಕ್ಕೂ ಸರಿ ಎಂದು ತಿಳಿಯಬಾರದು.

ಮೂರನೆಯದು ಭಾರಲೋಹ. ಗಾಂಜಾ ಗಿಡ ಮಣ್ಣಿನಿಂದ ಕ್ಯಾಡ್ಮಿಯಮ್, ಸೀಸದಂಥ ಲೋಹಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಎಣ್ಣೆ ತೆಗೆಯಲು ಬಳಸುವ ಬ್ಯೂಟೇನ್‌ನಂಥ ದ್ರಾವಕಗಳೂ ಉಳಿದುಕೊಳ್ಳಬಹುದು.

ನಾಲ್ಕನೆಯದು ತಪ್ಪು ಅಳತೆ. ಅಮೆರಿಕದ ಮೂರು ನಗರಗಳಲ್ಲಿ ಕೊಂಡ 75 ಗಾಂಜಾ ತಿನಿಸುಗಳನ್ನು ಪರೀಕ್ಷಿಸಿದ ವರದಿ 2015ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಚೀಟಿಯ ಮೇಲೆ ಬರೆದಷ್ಟೇ ಟಿ.ಎಚ್.ಸಿ. ಇದ್ದದ್ದು ಶೇ 17ರಲ್ಲಿ ಮಾತ್ರ. ಶೇ 23ರಲ್ಲಿ ಬರೆದದ್ದಕ್ಕಿಂತ ಹೆಚ್ಚಿತ್ತು, ಶೇ 60ರಲ್ಲಿ ಕಡಿಮೆಯಿತ್ತು. 2017ರ ಇನ್ನೊಂದು ವರದಿಯ ಪ್ರಕಾರ, ಇಂಟರ್ನೆಟ್ ಮೂಲಕ ಕೊಂಡ 84 ಸಿ.ಬಿ.ಡಿ. ಉತ್ಪನ್ನಗಳಲ್ಲಿ 18ರಲ್ಲಿ ಟಿ.ಎಚ್.ಸಿ. ಸಿಕ್ಕಿತು. ಅಪಸ್ಮಾರದ ಮಗುವಿಗೆ ಅಮಲಿಲ್ಲದ ಔಷಧವೆಂದು ನಂಬಿ ಹನಿ ಹಾಕುವ ತಾಯಿಯನ್ನು ನೆನೆದರೆ ಈ ಅಂಕಿಗಳ ಅರ್ಥ ತಿಳಿಯುತ್ತದೆ.

ತಮಗೆ ತಾವೇ ಕಟ್ಟಳೆ

ಇಂಥ ಸ್ಥಿತಿಯಲ್ಲಿ ಉದ್ಯಮದವರೂ ರೋಗಿಗಳ ಪರ ಸಂಘಟನೆಗಳೂ ತಾವೇ ಕಟ್ಟಳೆ ಮಾಡಿಕೊಳ್ಳಲು ಮುಂದಾದರು. ಅಮೆರಿಕದ ಗಿಡಮೂಲಿಕೆ ಉತ್ಪಾದಕರ ಸಂಘ 2010ರಲ್ಲಿ ಗಾಂಜಾಕ್ಕೆಂದೇ ಒಂದು ಸಮಿತಿ ರಚಿಸಿತು. ಕೃಷಿ, ತಯಾರಿಕೆ, ಪ್ರಯೋಗಾಲಯ, ವಿತರಣೆ ಈ ನಾಲ್ಕಕ್ಕೂ ಆ ಸಂಘ ಶಿಫಾರಸುಗಳನ್ನು ಸಿದ್ಧಪಡಿಸಿತು. ಅಮೆರಿಕನ್ ಹರ್ಬಲ್ ಫಾರ್ಮಾಕೊಪಿಯ ಎಂಬ ಸಂಸ್ಥೆ ಗಾಂಜಾ ಹೂವನ್ನು ಗುರುತಿಸುವ, ಪರೀಕ್ಷಿಸುವ ವಿಧಾನಗಳ ಗ್ರಂಥವನ್ನು 2013ರಲ್ಲಿ ಹೊರತಂದಿತು. ಈ ಎರಡರ ಆಧಾರದ ಮೇಲೆ, 2002ರಲ್ಲಿ ಆರಂಭವಾಗಿದ್ದ 'ಅಮೆರಿಕನ್ಸ್ ಫಾರ್ ಸೇಫ್ ಆಕ್ಸೆಸ್' ಎಂಬ ರೋಗಿಗಳ ಪರ ಸಂಘಟನೆ ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುವ ಯೋಜನೆ ಹಾಕಿಕೊಂಡಿತು. ಹಲವು ಉದ್ಯಮಗಳಿಗೆ ಮಾನದಂಡ ರೂಪಿಸುವ ಎ.ಎಸ್.ಟಿ.ಎಂ. ಸಂಸ್ಥೆಯೂ 2017ರಲ್ಲಿ ಗಾಂಜಾ ಸಮಿತಿ ರಚಿಸಿತು.

ಈ ಕಟ್ಟಳೆಗಳ ತಿರುಳು ಸರಳ. ಯಾವ ಮಣ್ಣಿನಲ್ಲಿ ಬೆಳೆಯಿತು, ಏನು ಸಿಂಪಡಿಸಲಾಯಿತು ಎಂದು ಬರೆದಿಡಬೇಕು. ಪ್ರತಿ ತಂಡದ ಸರಕಿಗೂ ಒಂದು ಸಂಖ್ಯೆ ಕೊಡಬೇಕು. ಆ ತಂಡದ ಮಾದರಿಯನ್ನು ಹೊರಗಿನ ಪ್ರಯೋಗಾಲಯ ಪರೀಕ್ಷಿಸಬೇಕು. ದೋಷ ಕಂಡರೆ ಅದೇ ಸಂಖ್ಯೆ ಹಿಡಿದು ಸರಕನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು. ಪ್ರಾಮಾಣಿಕ ವ್ಯಾಪಾರಿಗೂ ಇದರಿಂದ ಲಾಭವುಂಟು. ಒಬ್ಬನ ಕಲಬೆರಕೆಯಿಂದ ಎಲ್ಲರ ಹೆಸರೂ ಕೆಡುತ್ತದೆಯಲ್ಲವೇ?

ಇಷ್ಟು ಸಾಕೇ?

ಸಾಲದು. ಸ್ವಯಂ ನಿಯಂತ್ರಣಕ್ಕೆ ಒಪ್ಪಿದವನಿಗೆ ಮಾತ್ರ ಕಟ್ಟಳೆ; ಒಪ್ಪದವನನ್ನು ಕೇಳುವವರಿಲ್ಲ. ಪರೀಕ್ಷೆಯ ಶುಲ್ಕ ಕೊಡುವವನು ಉತ್ಪಾದಕನೇ ಆದ್ದರಿಂದ, ತನಗೆ ಅನುಕೂಲವಾದ ಫಲಿತಾಂಶ ಕೊಡುವ ಪ್ರಯೋಗಾಲಯವನ್ನು ಆತ ಹುಡುಕಿಕೊಂಡು ಹೋಗುವ ಚಾಳಿಯೂ ಬೆಳೆಯಿತು.

ನಿಯಂತ್ರಣದ ಹೊರಗೆ ಏನಾಗುತ್ತದೆ ಎಂಬುದಕ್ಕೆ 2019ರ ದುರಂತ ಸಾಕ್ಷಿ. ವಿದ್ಯುತ್ ಉಪಕರಣದಲ್ಲಿ ಕಾಯಿಸಿ ಸೇದುವ ಎಣ್ಣೆಗಳಿಂದ ಅಮೆರಿಕದಲ್ಲಿ ಸಾವಿರಾರು ಮಂದಿಯ ಶ್ವಾಸಕೋಶಕ್ಕೆ ಗಾಯವಾಯಿತು. 2020ರ ಫೆಬ್ರುವರಿ ವೇಳೆಗೆ 68 ಸಾವುಗಳು ದೃಢಪಟ್ಟಿದ್ದವು. ಎಣ್ಣೆಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ಕಂಡುಬಂತು. ಅದರಲ್ಲಿ ಬಹುಪಾಲು ಸರಕು ಸ್ನೇಹಿತರಿಂದ, ಕಾಳಸಂತೆಯಿಂದ ಬಂದದ್ದು.

ಆದುದರಿಂದ ಉದ್ಯಮದ ಕಟ್ಟಳೆ ಕಾನೂನಿಗೆ ಪರ್ಯಾಯವಲ್ಲ, ಅದಕ್ಕೆ ತಳಹದಿ. ಕ್ಯಾಲಿಫೋರ್ನಿಯಾ 2018ರಿಂದ ಪ್ರಯೋಗಾಲಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಇನ್ನೊಂದು ಮಾತನ್ನೂ ಮರೆಯಬಾರದು. ಶುದ್ಧವಾದದ್ದೆಲ್ಲ ರೋಗ ಗುಣಪಡಿಸುತ್ತದೆ ಎಂದಲ್ಲ. ಎಪಿಡಿಯೊಲೆಕ್ಸ್ ಎಂಬ ಸಿ.ಬಿ.ಡಿ. ಔಷಧ ರೋಗಿಗಳ ಮೇಲಿನ ಪರೀಕ್ಷೆಗಳನ್ನು ದಾಟಿ 2018ರಲ್ಲಿ ಎರಡು ಬಗೆಯ ತೀವ್ರ ಅಪಸ್ಮಾರಕ್ಕೆ ಅಮೆರಿಕದಲ್ಲಿ ಮಂಜೂರಾತಿ ಪಡೆಯಿತು. ಅಂಗಡಿಯ ಎಲ್ಲ ಸೀಸೆಗಳಿಗೂ ಆ ಗೌರವ ಸಲ್ಲದು.

ನಮ್ಮಲ್ಲಿ ಹೇಗೆ?

ಭಾರತದ 1985ರ ಮಾದಕ ವಸ್ತು ಕಾಯ್ದೆ ಗಿಡದ ಹೂತುದಿಯನ್ನೂ ರಾಳವನ್ನೂ ನಿಷೇಧಿಸುತ್ತದೆ. ಬರಿಯ ಎಲೆ ಮತ್ತು ಬೀಜ ಅದರ ವ್ಯಾಖ್ಯೆಯ ಹೊರಗಿವೆ. 'ವಿಜಯಾ' ಎಂಬ ಹೆಸರಿನಲ್ಲಿ ಎಲೆಯನ್ನು ಬಳಸುವ ಆಯುರ್ವೇದ ಔಷಧಗಳು ಪರವಾನಗಿಯ ಮೇಲೆ ತಯಾರಾಗುತ್ತವೆ. ಭಂಗಿಯನ್ನು ನಮ್ಮ ಔಷಧ ನಿಯಮಗಳು ವಿಷವಸ್ತುಗಳ ಪಟ್ಟಿಯಲ್ಲಿ ಇಟ್ಟಿರುವುದರಿಂದ, ವೈದ್ಯರ ನಿಗಾದಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆ ಚೀಟಿಯ ಮೇಲೆ ಇರಲೇಬೇಕು. ಅಮೆರಿಕದಲ್ಲಿ ನ್ಯಾಯವಾಗಿ ಕೊಂಡ ಎಣ್ಣೆಯೇ ಆದರೂ ಇಲ್ಲಿಗೆ ತಂದರೆ ಅಪರಾಧವಾಗಬಹುದು. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿ.

ನೀವು ಗಮನಿಸಬೇಕಾದದ್ದು

* ಚೀಟಿಯ ಮೇಲೆ ತಂಡದ ಸಂಖ್ಯೆ, ತಯಾರಿಸಿದ ದಿನಾಂಕ, ಪರವಾನಗಿ ಸಂಖ್ಯೆ ಇವೆಯೇ ನೋಡಿ.

* ಟಿ.ಎಚ್.ಸಿ., ಸಿ.ಬಿ.ಡಿ. ಪ್ರಮಾಣ ಮಿಲಿಗ್ರಾಂ ಲೆಕ್ಕದಲ್ಲಿ ಇರಬೇಕು.

* ಪರೀಕ್ಷಾ ವರದಿ ಕೇಳಿ. ಅದರಲ್ಲಿ ಬೂಷ್ಟು, ಕೀಟನಾಶಕ, ಭಾರಲೋಹ, ದ್ರಾವಕ ಈ ನಾಲ್ಕೂ ಇರಬೇಕು. ವರದಿಯ ಸಂಖ್ಯೆಯೂ ಸೀಸೆಯ ಸಂಖ್ಯೆಯೂ ಒಂದೇ ಆಗಿರಬೇಕು.

* ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು, ಅಪಸ್ಮಾರಕ್ಕೆ ಕ್ಲೊಬಜಾಮ್ ಅಥವಾ ವ್ಯಾಲ್‌ಪ್ರೊಯೇಟ್ ಸೇವಿಸುವವರು ವೈದ್ಯರಿಗೆ ಹೇಳದೆ ಸಿ.ಬಿ.ಡಿ. ಮುಟ್ಟಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ದೂರವಿರಬೇಕು.

* ತಿನಿಸಿನ ರೂಪದ ಗಾಂಜಾ ಏರಲು ಎರಡು ಗಂಟೆಯೂ ಹಿಡಿಯಬಹುದು. 'ಏನೂ ಆಗಲಿಲ್ಲ' ಎಂದು ಮತ್ತೊಂದು ತುಂಡು ತಿನ್ನುವುದು ಅಪಾಯ. ಮಕ್ಕಳು ಮಿಠಾಯಿಯೆಂದು ತಿನ್ನದಂತೆ ಬೀಗ ಹಾಕಿಡಿ.

* ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರ್‌ವರೆಗೆ ಎಲ್ಲವನ್ನೂ ವಾಸಿಮಾಡುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ.

ಸಂತೆಯಲ್ಲಿ ಒಂದು ಸೇರು ಅಕ್ಕಿ ಕೊಳ್ಳುವಾಗಲೂ ನಾವು ಕೈಯಲ್ಲಿ ಹಿಡಿದು, ಕಲ್ಲು ಹೊಟ್ಟು ನೋಡಿ ಕೊಳ್ಳುತ್ತೇವೆ. ಕಾಯಿಲೆಯವರಿಗೆ ಕೊಡುವ ಔಷಧದ ವಿಷಯದಲ್ಲಿ ಅಷ್ಟಾದರೂ ಎಚ್ಚರ ಬೇಡವೇ?