ಡಾಂಗಲ್‌ಗೆ ತಕ್ಕ ರೂಟರ್

ಫೈಬರ್ ಕೇಬಲ್ ಊರಿನ ಮುಖ್ಯರಸ್ತೆವರೆಗೆ ಬಂದಿರುತ್ತದೆ. ಅಲ್ಲಿಂದ ತೋಟ ದಾಟಿ ಮನೆಗೆ ಎಳೆಯಲು ಕಂಬವೇ ಇರುವುದಿಲ್ಲ. ತೀರ್ಥಹಳ್ಳಿ, ಶಿರಸಿ, ಸುಳ್ಯದ ಕಡೆ ಇಂಥ ಒಂಟಿ ಮನೆಗಳು ಬೇಕಾದಷ್ಟಿವೆ. ಕೇಬಲ್ ಬಂದ ಮನೆಯಲ್ಲೂ ಮಳೆಗಾಲದಲ್ಲಿ ಮರ ಬಿದ್ದರೆ ಮತ್ತೆ ಸಂಪರ್ಕ ಸಿಗುವುದು ಯಾವಾಗಲೋ. ಅಂಥಲ್ಲಿ ಸಿಮ್ ಹಾಕಿದ ಡಾಂಗಲನ್ನು ರೂಟರ್‌ಗೆ ಚುಚ್ಚಿ ಮನೆಮಂದಿಗೆಲ್ಲ ವೈ-ಫೈ ಹಂಚುವುದು ಒಳ್ಳೆಯ ದಾರಿ. ಆದರೆ ಅಂಗಡಿಯಲ್ಲಿ ನಾವು ಎಣಿಸುವುದು ಆಂಟೆನಾಗಳನ್ನು. ನೋಡಬೇಕಾದ್ದು ಹಿಂಬದಿಯ ಯುಎಸ್‌ಬಿ ಪೋರ್ಟನ್ನು.

ಪೋರ್ಟ್ ಇದ್ದ ಮಾತ್ರಕ್ಕೆ ಡಾಂಗಲ್ ನಡೆಯುವುದಿಲ್ಲ. ಎಷ್ಟೋ ರೂಟರ್‌ಗಳಲ್ಲಿ ಅದು ಪೆನ್‌ಡ್ರೈವ್‌ಗೋ ಪ್ರಿಂಟರ್‌ಗೋ ಮಾತ್ರ. ಡಾಂಗಲ್‌ಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಯಾವ ಡಾಂಗಲ್ ಎಂಬ ಪ್ರಶ್ನೆ ಉಳಿಯುತ್ತದೆ, ಅದಕ್ಕೆ ಕಾರಣ ತುಂಬ ಸ್ವಾರಸ್ಯವಾಗಿದೆ. ಹಲವು ಡಾಂಗಲ್‌ಗಳು ಚುಚ್ಚಿದ ಕೂಡಲೇ ತಮ್ಮನ್ನು ಮೋಡೆಮ್ ಎಂದು ಹೇಳಿಕೊಳ್ಳುವುದಿಲ್ಲ, ಸಿಡಿ ಡ್ರೈವ್ ಎನ್ನುತ್ತವೆ! ವಿಂಡೋಸ್ ಕಂಪ್ಯೂಟರ್‌ಗೆ ಬೇಕಾದ ಡ್ರೈವರ್ ಅವುಗಳ ಹೊಟ್ಟೆಯಲ್ಲೇ ಇರುತ್ತದೆ. ಆ ‘ಸಿಡಿ’ ತೆರೆದು ಅದನ್ನು ಇನ್‌ಸ್ಟಾಲ್ ಮಾಡಿದ ಮೇಲೆ ಕಂಪ್ಯೂಟರ್ ಒಂದು ಸಂಕೇತ ಕಳಿಸುತ್ತದೆ. ಡಾಂಗಲ್ ಒಂದು ಕ್ಷಣ ಮಾಯವಾಗಿ, ಬೇರೆ ಗುರುತಿನ ಸಂಖ್ಯೆಯೊಂದಿಗೆ ಮೋಡೆಮ್ ಆಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ರೂಟರ್‌ನಲ್ಲಿ ವಿಂಡೋಸ್ ಇಲ್ಲ, ಹೆಚ್ಚಾಗಿ ಲಿನಕ್ಸ್ ಇರುತ್ತದೆ. ಆ ಸಂಕೇತವನ್ನು ರೂಟರ್‌ನ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರೇ ಕಳಿಸಬೇಕು. ಸಂಕೇತ ಎಲ್ಲ ಡಾಂಗಲ್‌ಗಳಿಗೂ ಒಂದೇ ಅಲ್ಲ. ಅದಕ್ಕೇ ರೂಟರ್ ತಯಾರಕರು ಯಾವ ಯಾವ ಡಾಂಗಲ್ ನಡೆಯುತ್ತದೆ ಎಂಬ ಪಟ್ಟಿ ಕೊಡುತ್ತಾರೆ. ಪಟ್ಟಿಯಲ್ಲಿ ಇಲ್ಲದ ಡಾಂಗಲ್ ದೀಪ ಮಿನುಗಿಸುತ್ತಾ ಕೂತಿರಬಹುದು, ರೂಟರ್ ಮಾತ್ರ ಮೋಡೆಮ್ ಸಿಗಲಿಲ್ಲ ಎನ್ನುತ್ತದೆ.

ಹಳೆಯ 3ಜಿ ಡಾಂಗಲ್‌ಗಳಿಗೆ ರೂಟರ್ *99# ಎಂದು ಡಯಲ್ ಮಾಡಿ ಸಂಪರ್ಕ ಎಬ್ಬಿಸಬೇಕಿತ್ತು. ಈಗಿನ ಹಲವು 4ಜಿ ಡಾಂಗಲ್‌ಗಳು ಆ ಕೆಲಸವನ್ನು ತಾವೇ ಮುಗಿಸಿ ರೂಟರ್‌ಗೆ ಬರೀ ನೆಟ್‌ವರ್ಕ್ ಕಾರ್ಡ್‌ನಂತೆ ಕಾಣುತ್ತವೆ. ಹುವಾವೇ ಕಂಪನಿಯ ಹೈಲಿಂಕ್ ಮಾದರಿಗಳು ಇಂಥವು, ಬ್ರೌಸರ್‌ನಲ್ಲಿ 192.168.8.1 ಎಂದು ಹೊಡೆದರೆ ಡಾಂಗಲ್‌ನದೇ ಪುಟ ತೆರೆಯುತ್ತದೆ. ಹೊಸದಾಗಿ ಕೊಳ್ಳುವುದಾದರೆ ಈ ಬಗೆಯದೇ ವಾಸಿ, ರೂಟರ್ ಜತೆ ತಕರಾರು ಕಡಿಮೆ. ಟಾಟಾ ಫೋಟಾನ್ ಕಾಲದ ಸಿಡಿಎಂಎ ಡಾಂಗಲ್ ಮನೆಯಲ್ಲಿದ್ದರೆ ಅದನ್ನು ಮರೆತುಬಿಡಿ, ಆ ಜಾಲವೇ ಈಗ ಇಲ್ಲ.

ಇನ್ನು ಕರೆಂಟಿನ ವಿಚಾರ. ಇದನ್ನು ಯಾರೂ ಹೇಳುವುದಿಲ್ಲ, ಹೆಚ್ಚಿನ ತೊಂದರೆ ಶುರುವಾಗುವುದು ಇಲ್ಲೇ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. ಟವರ್ ಹತ್ತಿರವಿದ್ದರೆ ಡಾಂಗಲ್‌ಗೆ ಇಷ್ಟು ಧಾರಾಳ. ದೂರವಿದ್ದರೆ ‘ಇನ್ನೂ ಜೋರಾಗಿ ಕಳಿಸು’ ಎಂದು ಟವರ್ ಆದೇಶ ಕೊಡುತ್ತದೆ. ಡಾಂಗಲ್ ತನ್ನ ಮಿತಿಯಾದ ಸುಮಾರು 200 ಮಿಲಿವ್ಯಾಟ್‌ವರೆಗೂ ಏರುತ್ತದೆ, ಅಷ್ಟು ರೇಡಿಯೊ ಶಕ್ತಿ ಹೊಮ್ಮಿಸಲು ಅದರ ಹಲವು ಪಟ್ಟು ವಿದ್ಯುತ್ ಒಳಗೆಳೆಯುತ್ತದೆ. ಬಾವಿ ಆಳವಾದಷ್ಟೂ ಪಂಪಿಗೆ ಎಚ್‌ಪಿ ಹೆಚ್ಚು ಬೇಕಾದ ಹಾಗೆ. ಸಿಗ್ನಲ್ ಕಡಿಮೆ ಇರುವ ಮನೆಯಲ್ಲೇ ರೂಟರ್ ಗಟ್ಟಿಯಾಗಿರಬೇಕಾಗುತ್ತದೆ. ಪೋರ್ಟ್ ಸೋತರೆ ಅದರ ಲಕ್ಷಣ ಹೀಗಿರುತ್ತದೆ: ಪತ್ರಿಕೆ ಓದಲು ತೊಂದರೆಯಿಲ್ಲ, ವಿಡಿಯೊ ಕರೆ ಶುರು ಮಾಡಿದ ಕೂಡಲೇ ಡಾಂಗಲ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಮನೆಯವರು ಸಿಮ್ ಕಂಪನಿಯನ್ನು ಬೈಯುತ್ತಾರೆ. ಕೊಳ್ಳುವಾಗ ರೂಟರ್‌ನ ಅಡಾಪ್ಟರ್ ಮೇಲಿನ ಅಕ್ಷರ ಓದಿ. 12 ವೋಲ್ಟ್ 1 ಆಂಪ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಧೈರ್ಯ. ಕರೆಂಟ್ ಹೋದಾಗ ರೂಟರ್ ನಡೆಸಲು ಪೇಟೆಯಲ್ಲಿ ಸಿಗುವ ಪುಟ್ಟ ಯುಪಿಎಸ್‌ಗಳೂ ಸಾಮಾನ್ಯವಾಗಿ 12 ವೋಲ್ಟ್ ಕೊಡುತ್ತವೆ.

ಡಾಂಗಲನ್ನು ರೂಟರ್‌ಗೆ ನೇರ ಚುಚ್ಚಲೇಬೇಕೆಂದಿಲ್ಲ. ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅದನ್ನು ಟವರ್ ಕಡೆಯ ಕಿಟಕಿಗೋ ಮಾಡಿನ ಕೆಳಗೋ ಒಯ್ಯಬಹುದು. 5 ಮೀಟರ್ ಮೀರಬಾರದು, ತಂತಿ ದಪ್ಪಗಿರಬೇಕು, ಇಲ್ಲದಿದ್ದರೆ ವೋಲ್ಟೇಜ್ ದಾರಿಯಲ್ಲೇ ಕುಸಿಯುತ್ತದೆ. ಡಾಂಗಲ್‌ನ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂಬ, ಸಿಗ್ನಲ್ ಬಲ ತೋರಿಸುವ ಅಂಕಿ ಇರುತ್ತದೆ. ಮೈನಸ್ 80 ಎಂದರೆ ಚೆನ್ನಾಗಿದೆ, ಮೈನಸ್ 110 ಎಂದರೆ ತೀರಾ ದುರ್ಬಲ. ಈ ಅಳತೆಯಲ್ಲಿ 10 ಅಂಕಿ ಇಳಿದರೆ ಸಿಗ್ನಲ್ ಹತ್ತರಲ್ಲೊಂದು ಪಾಲಾಗುತ್ತದೆ. 80 ಮತ್ತು 110ರ ನಡುವೆ ಇರುವುದು ಸಾವಿರ ಪಟ್ಟು ವ್ಯತ್ಯಾಸ! ದಪ್ಪ ಗೋಡೆಯ ನಡುಮನೆಯಿಂದ ಕಿಟಕಿಗೆ ಬಂದರೆ ಎಷ್ಟು ಲಾಭ ಎಂಬುದನ್ನು ನೀವೇ ಅಳೆದು ನೋಡಬಹುದು.

ಡಾಂಗಲ್ ದೂರವಿರಲಿ ಎನ್ನಲು ಇನ್ನೊಂದು ಕಾರಣವೂ ಇದೆ. ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲ ಹೊರಡಿಸುತ್ತದೆ, ಇಂಟೆಲ್ 2012ರಲ್ಲೇ ಇದನ್ನು ಅಳೆದು ತೋರಿಸಿತ್ತು. ವೈ-ಫೈ ಇರುವುದು ಅಲ್ಲೇ, ನಮ್ಮಲ್ಲಿ 4ಜಿಗೆ ಬಳಸುವ 2300 ಮೆಗಾಹರ್ಟ್ಸ್ ಪಟ್ಟಿಯೂ ಪಕ್ಕದಲ್ಲೇ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಪೋರ್ಟನ್ನು 2.0ಕ್ಕೆ ಇಳಿಸುವ ಆಯ್ಕೆ ಇದ್ದರೆ ಇಳಿಸಿಬಿಡಿ. ಸಾಮಾನ್ಯ 4ಜಿ ಡಾಂಗಲ್‌ನ ಗರಿಷ್ಠ ವೇಗ ಸೆಕೆಂಡಿಗೆ 150 ಮೆಗಾಬಿಟ್, ಯುಎಸ್‌ಬಿ 2.0 ದಾರಿ 480 ಮೆಗಾಬಿಟ್‌ನದು. ಏನೂ ನಷ್ಟವಿಲ್ಲ.

ಹೊರದೇಶದಿಂದ ಬಂಧುಗಳು ತಂದ ಡಾಂಗಲ್ ಆದರೆ ಅದು ಹಿಡಿಯುವ ಕಂಪನಾಂಕ ಪಟ್ಟಿಗಳ, ಅಂದರೆ ಬ್ಯಾಂಡ್‌ಗಳ, ಸಂಖ್ಯೆ ನೋಡಿ. ನಮ್ಮಲ್ಲಿ 3, 5, 40 ಮುಖ್ಯ. ಬಿಎಸ್‌ಎನ್‌ಎಲ್ 4ಜಿ ನಂಬುವವರಿಗೆ 28 ಇದ್ದರೆ ಒಳ್ಳೆಯದು. 5 ಮತ್ತು 28 ಕಡಿಮೆ ಕಂಪನಾಂಕದವು, ಕಾಡು ಗುಡ್ಡದ ನಡುವೆ ದೂರ ಬರುವುದು ಅವೇ.

ಡಾಂಗಲ್ ಇಲ್ಲದವರು ಸಿಮ್ ಹಾಕುವ ಜಾಗ ಒಳಗೇ ಇರುವ 4ಜಿ ರೂಟರ್ ಕೊಳ್ಳಲಿ, ಹೊಂದಾಣಿಕೆಯ ಗೋಜೇ ಇರುವುದಿಲ್ಲ. ಆದರೆ ಸಿಗ್ನಲ್ ಇರುವ ಮೂಲೆಯಲ್ಲೇ ಅದನ್ನು ಇಡಬೇಕು, ವೈ-ಫೈ ಬೇಕಾದ ಕೋಣೆ ಇನ್ನೆಲ್ಲೋ ಇರಬಹುದು.

ತೋಟಕ್ಕೆ ಸಿಸಿಟಿವಿ ಹಾಕುವ ಆಸೆ ಇದ್ದವರಿಗೆ ಒಂದು ಮಾತು. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಒಂದೇ ಐಪಿವಿ4 ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಹಾಗಾಗಿ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಸಂಪರ್ಕವನ್ನು ಕ್ಯಾಮೆರಾಗೆ ದಾಟಿಸುವ ವ್ಯವಸ್ಥೆ) ಮಾಡಿ ಬೆಂಗಳೂರಿನಿಂದ ಮನೆಯ ಕ್ಯಾಮೆರಾ ನೋಡುವುದು ಸಾಧ್ಯವಾಗದು. ಎಷ್ಟೇ ದುಬಾರಿ ರೂಟರ್ ತಂದರೂ ಅಷ್ಟೇ. ತಾನೇ ಹೊರಗಿನ ಸರ್ವರ್‌ಗೆ ಸಂಪರ್ಕ ಮಾಡಿಕೊಳ್ಳುವ, ಆ್ಯಪ್‌ನಲ್ಲಿ ನೋಡುವ ಬಗೆಯ ಕ್ಯಾಮೆರಾ ಕೊಳ್ಳಬೇಕು.