ತೀರ್ಮಾನವೋ, ಊಹೆಯೋ?

ಸ್ಪರ್ಧಾತ್ಮಕ ಪರೀಕ್ಷೆಗಳ ತಾರ್ಕಿಕ ಪ್ರಶ್ನೆಗಳಲ್ಲಿ ಹಲವರು ಎಡವುವುದು ಪ್ರಶ್ನೆಯಲ್ಲಿ ಇಲ್ಲದ್ದನ್ನು ತಾವೇ ಸೇರಿಸಿಕೊಂಡು. ಕೊಟ್ಟ ಹೇಳಿಕೆಗಳೆಲ್ಲ ನಿಜವಾಗಿದ್ದೂ ಒಂದು ಮಾತು ಸುಳ್ಳಾಗಲು ಸಾಧ್ಯವಿದ್ದರೆ ಅದು ತೀರ್ಮಾನವಲ್ಲ, ಊಹೆ.

ತಪ್ಪು ಕಲ್ಪನೆ 1: ಹೇಳಿಕೆಗಳಿಗೆ ಹೊಂದಿಕೊಂಡರೆ ತೀರ್ಮಾನ ಸರಿ.
ವಾಸ್ತವ: ‘ಎಲ್ಲ ಪೆನ್ನುಗಳೂ ಪುಸ್ತಕಗಳು, ಕೆಲವು ಪುಸ್ತಕಗಳು ಕುರ್ಚಿಗಳು.’ ಹಾಗಾದರೆ ಕೆಲವು ಪೆನ್ನುಗಳು ಕುರ್ಚಿಗಳೇ? ಇರಬಹುದು, ಇರಲೇಬೇಕೆಂದಿಲ್ಲ. ವೆನ್ ಚಿತ್ರ ಬರೆದು ನೋಡಿ: ಕುರ್ಚಿಯ ವೃತ್ತ ಪೆನ್ನಿನ ವೃತ್ತವನ್ನು ಮುಟ್ಟದೆಯೂ ಪುಸ್ತಕದ ವೃತ್ತದೊಳಗೆ ಬರಬಲ್ಲದು. ಅಂಥ ಒಂದೇ ಚಿತ್ರ ಸಿಕ್ಕರೂ ತೀರ್ಮಾನ ಬಿದ್ದುಹೋಯಿತು.

ತಪ್ಪು ಕಲ್ಪನೆ 2: ಹೆಸರು ಕೇಳಿದರೆ ಗಂಡೋ ಹೆಣ್ಣೋ ಗೊತ್ತಾಗುತ್ತದೆ.
ವಾಸ್ತವ: ‘ಸುಮನ್ ಕಿರಣ್ ಅವರ ತಮ್ಮ.’ ಸುಮನ್ ಗಂಡು, ಕಿರಣ್‌ಗಿಂತ ಚಿಕ್ಕವನು; ಇಷ್ಟು ಖಚಿತ. ಕಿರಣ್ ಅಣ್ಣನೋ ಅಕ್ಕನೋ ಹೇಳಿಕೆಯಲ್ಲಿಲ್ಲ.

ತಪ್ಪು ಕಲ್ಪನೆ 3: ‘ಹೀಗಿದ್ದರೆ ಹಾಗೆ’ ಎಂದರೆ ‘ಹಾಗಿದ್ದರೆ ಹೀಗೆ’ ಎಂದೂ ಆಯಿತು.
ವಾಸ್ತವ: ಬ್ರಿಟಿಷ್ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ಕಾರ್ಡುಗಳ ಸಮಸ್ಯೆಯನ್ನು ನಮ್ಮ ಅಕ್ಷರಗಳಲ್ಲಿ ಹೇಳುವುದಾದರೆ: ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ನಿಯಮ: ಸ್ವರವಿದ್ದರೆ ಹಿಂದೆ ಸಮಸಂಖ್ಯೆ. ಕಾಣುತ್ತಿರುವುದು ಅ, ಕ, 4, 7. ನಿಯಮ ಪರೀಕ್ಷಿಸಲು ಯಾವುದನ್ನು ಮಗುಚಬೇಕು? ಬಹಳ ಜನ ಅ ಮತ್ತು 4 ಎನ್ನುತ್ತಾರೆ. ಮಗುಚಬೇಕಾದದ್ದು ಅ ಮತ್ತು 7. 4ರ ಹಿಂದೆ ವ್ಯಂಜನವಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ. 7ರ ಹಿಂದೆ ಸ್ವರವಿದ್ದರೆ ನಿಯಮ ಮುರಿಯಿತು.

ತಪ್ಪು ಕಲ್ಪನೆ 4: ಪ್ರಸಿದ್ಧ ಒಗಟುಗಳಲ್ಲಿ ಊಹೆಗೆ ಜಾಗವೇ ಇಲ್ಲ.
ವಾಸ್ತವ: 1962ರ ಡಿಸೆಂಬರಿನಲ್ಲಿ ‘ಲೈಫ್ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಬಂದ ಐದು ಮನೆಗಳ ಒಗಟಿನ ಕೊನೆಯ ಪ್ರಶ್ನೆ: ನೀರು ಕುಡಿಯುವವರು ಯಾರು, ಜೀಬ್ರಾ ಸಾಕಿದವರು ಯಾರು? ಅದರ 15 ಸುಳಿವುಗಳಲ್ಲಿ ನೀರಾಗಲಿ ಜೀಬ್ರಾ ಆಗಲಿ ಇಲ್ಲವೇ ಇಲ್ಲ. ಕೇಳಿದ್ದಾರೆಂದರೆ ಐವರಲ್ಲಿ ಒಬ್ಬರಾದರೂ ಇರಬೇಕು ಎಂದು ಒಪ್ಪಿಕೊಂಡ ಮೇಲಷ್ಟೇ ನೀರು ನಾರ್ವೆಯವನಿಗೆ, ಜೀಬ್ರಾ ಜಪಾನಿನವನಿಗೆ ಸೇರುತ್ತದೆ.

ತಪ್ಪು ಕಲ್ಪನೆ 5: ಹಾಗಾದರೆ ಊಹಿಸಲೇಬಾರದು.
ವಾಸ್ತವ: ಊಹಿಸಬಹುದು, ಅದನ್ನು ಊಹೆಯೆಂದೇ ಲೆಕ್ಕದಲ್ಲಿಟ್ಟು. ಸುಡೊಕುವಿನ ಒಂದು ಮನೆಯಲ್ಲಿ 3 ಅಥವಾ 8 ಮಾತ್ರ ಕೂರಬಲ್ಲದು ಎನ್ನಿ. 3 ಇಟ್ಟು ಮುಂದುವರಿದಾಗ ಒಂದೇ ಸಾಲಿನಲ್ಲಿ ಎರಡು 5 ಬಂದರೆ 8 ಅನಿವಾರ್ಯ. ವಿರೋಧ ಬಾರದಿದ್ದರೆ ಏನೂ ಸಿದ್ಧವಾಗಿಲ್ಲ. ‘ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ’ ಎಂಬ ನ್ಯಾಯದರ್ಶನದ ವಾದದ ದಾರಿಯೂ ಇದೇ: ಉಲ್ಟಾ ಹೇಳಿ ನೋಡು, ನಿಂತರೆ ನಿನ್ನ ತೀರ್ಮಾನ ಇನ್ನೂ ಊಹೆ.